ಕಳೆದುಹೋದ ಮಾಡೆಲ್ ವಿಮಾನಕ್ಕೆ ಯಾವ ಫ್ರೀಕ್ವೆನ್ಸಿ? ಶಿರಸಿಯ ತೋಟ ಮತ್ತು ಕರಾವಳಿಯಲ್ಲಿ ನನ್ನ ಅನುಭವ

ಶಿರಸಿ ಕಡೆ ಮಾಡೆಲ್ ವಿಮಾನ ಹಾರಿಸಲು ಸಿಗುವ ಜಾಗ ಎಂದರೆ ಬೇಣ (ಹುಲ್ಲುಗಾವಲು), ಇಲ್ಲವೇ ಕೊಯ್ಲು ಮುಗಿದ ಗದ್ದೆ. ಎರಡರ ಅಂಚಿಗೂ ಅಡಿಕೆ ತೋಟ, ಅದರಾಚೆ ಸೊಪ್ಪಿನ ಬೆಟ್ಟ (ತೋಟಕ್ಕೆ ಸೊಪ್ಪು ತರುವ ಕಾಡು). ಕೈತಪ್ಪಿದ ವಿಮಾನ ಬಯಲಲ್ಲೇ ಬೀಳುವುದು ಅಪರೂಪ. ತೋಟದ ನೆತ್ತಿಯ ಮೇಲೋ ಬೆಟ್ಟದ ಮಟ್ಟಿಯೊಳಗೋ ಹೋಗಿ ಕೂರುತ್ತದೆ. ಹಾಗಾಗಿ ಬೀಕನ್‌ಗೆ (ಕಳೆದ ವಿಮಾನದಿಂದ ರೇಡಿಯೋದಲ್ಲಿ ಕೂಗುತ್ತಿರುವ ಸಣ್ಣ ಸಾಧನ) ಫ್ರೀಕ್ವೆನ್ಸಿ ಆರಿಸುವಾಗ ಪೊಟ್ಟಣದ ಮೇಲೆ ಬರೆದ ಕಿಲೋಮೀಟರ್‌ಗಳನ್ನು ನಾನು ನೋಡುವುದಿಲ್ಲ. ಬೋರಲು ಬಿದ್ದ ಬೀಕನ್‌ನ ಸಿಗ್ನಲ್ ನೂರು ಮೀಟರ್ ಎಲೆ, ಕಾಂಡ ದಾಟಿದ ಮೇಲೆ ಎಷ್ಟು ಉಳಿಯುತ್ತದೆ ಎಂಬುದೇ ನನಗೆ ಬೇಕಾದ ಲೆಕ್ಕ. ಆ ಲೆಕ್ಕ, ದೇಶದ ನಿಯಮ, ವಿಮಾನದ ಗಾತ್ರ ಮೂರನ್ನೂ ಸೇರಿಸಿ ನೋಡಿ ನಾನು 866 ಮೆಗಾಹರ್ಟ್ಜ್ ಆಸುಪಾಸಿಗೆ ಬಂದು ನಿಂತಿದ್ದೇನೆ.

ಬರೀ ಭೌತಶಾಸ್ತ್ರ ಕೇಳಿದರೆ ಫ್ರೀಕ್ವೆನ್ಸಿ ಕಡಿಮೆಯಾದಷ್ಟೂ ಒಳ್ಳೆಯದು. ತೆರೆದ ಜಾಗದಲ್ಲಿ ಡೆಸಿಬೆಲ್ (ಡಿಬಿ) ನಷ್ಟಕ್ಕೆ ಸೂತ್ರ ಹೀಗಿದೆ: 32.44 + 20 ಲಾಗ್ (ಮೆಗಾಹರ್ಟ್ಜ್) + 20 ಲಾಗ್ (ಕಿಲೋಮೀಟರ್). ಎರಡು ಕಿಲೋಮೀಟರ್‌ಗೆ 433ರಲ್ಲಿ 91, 866ರಲ್ಲಿ 97, 2440ರಲ್ಲಿ 106 ಡಿಬಿ ಬರುತ್ತದೆ. ಇದರ ಮೇಲೆ ಎಲೆಗಳ ನಷ್ಟ. ಅದಕ್ಕೆ ವೈಸ್‌ಬರ್ಗರ್ ಸೂತ್ರ ಬಳಸುತ್ತೇನೆ: 1.33 × ಗಿಗಾಹರ್ಟ್ಜ್‌ನ 0.284ನೇ ಘಾತ × ಮೀಟರ್‌ನ 0.588ನೇ ಘಾತ. ಇದು 14ರಿಂದ 400 ಮೀಟರ್‌ವರೆಗಿನ ಮರಗಳ ಸಾಲಿಗೆ ಅನ್ವಯ. ನೂರು ಮೀಟರ್ ದಟ್ಟ ಹಸಿರಿಗೆ 433ರಲ್ಲಿ ಸುಮಾರು 16, 866ರಲ್ಲಿ 19, 2440ರಲ್ಲಿ 26 ಡಿಬಿ. ಎಲೆ ಒಣಗಿದ್ದಾಗಿನ ಲೆಕ್ಕ ಇದು. ಮಳೆ ಬಿದ್ದು ಸೋಗೆಯಿಂದ ನೀರು ತೊಟ್ಟಿಕ್ಕುತ್ತಿದ್ದರೆ ನಷ್ಟ ಇನ್ನೂ ಹೆಚ್ಚು, ಅದೂ ಮೇಲಿನ ಫ್ರೀಕ್ವೆನ್ಸಿಗಳಲ್ಲೇ ಜಾಸ್ತಿ. ರಿಮೋಟ್ ಕಂಟ್ರೋಲ್‌ಗೆ 2.4 ಗಿಗಾಹರ್ಟ್ಜ್ ಚೆನ್ನಾಗಿದೆ, ವಿಮಾನ ಆಕಾಶದಲ್ಲಿ ಕಣ್ಣೆದುರೇ ಇರುತ್ತದಲ್ಲ. ತೋಟದೊಳಗೆ ಬಿದ್ದ ಮೇಲೆ ಅದನ್ನು ನಂಬಿ ಹುಡುಕಲು ಹೊರಟರೆ ಸಿಗ್ನಲ್ ಸಿಗುವಷ್ಟು ಹತ್ತಿರ ಹೋಗುವ ಹೊತ್ತಿಗೆ ಕಣ್ಣಿಗೇ ಕಾಣಿಸಿರುತ್ತದೆ.

ಹಾಗಾದರೆ 145 ಅಥವಾ 433 ಯಾಕಲ್ಲ? ಮೊದಲನೆಯ ಕಾರಣ ಪರವಾನಗಿ. 144–146 ಮತ್ತು 434–438 ನಮ್ಮಲ್ಲಿ ಹವ್ಯಾಸಿ ರೇಡಿಯೋದವರ ಬ್ಯಾಂಡ್. ಪರೀಕ್ಷೆ ಪಾಸಾಗಿ ಕಾಲ್‌ಸೈನ್ ಪಡೆದವರನ್ನು ಬಿಟ್ಟು ಉಳಿದವರು ಅಲ್ಲಿ ಪ್ರಸಾರ ಮಾಡುವಂತಿಲ್ಲ. 433–434ಕ್ಕೆ ಲೈಸೆನ್ಸ್ ವಿನಾಯಿತಿ ಇದೆ, ಆದರೆ 10 ಮಿಲಿವ್ಯಾಟ್ ಶಕ್ತಿ ಮತ್ತು 10 ಕಿಲೋಹರ್ಟ್ಜ್ ಚಾನೆಲ್ ಅಗಲಕ್ಕೆ ಸೀಮಿತ. ಲೋರಾ (ಕಡಿಮೆ ಶಕ್ತಿಯಲ್ಲಿ ಸಣ್ಣ ಸಂದೇಶವನ್ನು ದೂರಕ್ಕೆ ಕಳಿಸುವ ವಿಧಾನ) ಬಳಸುವ ಸಾಮಾನ್ಯ ಸಿಗ್ನಲ್ 125 ಕಿಲೋಹರ್ಟ್ಜ್ ಅಗಲ ಬೇಡುತ್ತದೆ, ಅದರಲ್ಲಿ ಹಿಡಿಸುವುದಿಲ್ಲ. ಅಗ್ಗಕ್ಕೆ ಸಿಗುವ ಎಚ್‌ಸಿ-12 ಎಂಬ ರೇಡಿಯೋ ಮಾಡ್ಯೂಲ್ ವಿಷಯದಲ್ಲಿ ಹುಷಾರು. ಅದರ ಚಾನೆಲ್‌ಗಳು 433.4ರಿಂದ 473ರವರೆಗೆ 400 ಕಿಲೋಹರ್ಟ್ಜ್‌ಗೊಂದರಂತೆ ಇವೆ, ಮೂರನೆಯ ಚಾನೆಲ್‌ಗೇ 434 ದಾಟಿಬಿಡುತ್ತದೆ, ಶಕ್ತಿಯೂ 100 ಮಿಲಿವ್ಯಾಟ್‌ಗೆ ಇಟ್ಟೇ ಬಂದಿರುತ್ತದೆ. '915' ಎಂದು ಬರೆದ ಅಮೆರಿಕದ ಮಾಡ್ಯೂಲ್‌ಗಳಂತೂ ಬೇಡವೇ ಬೇಡ. 915ಕ್ಕೆ ತಾಗಿಕೊಂಡು ನಮ್ಮ ಮೊಬೈಲ್ ಫೋನ್‌ಗಳು ಟವರ್‌ಗೆ ಕಳಿಸುವ ಸಿಗ್ನಲ್ ಇದೆ.

865–867 ಮೆಗಾಹರ್ಟ್ಜ್‌ಗೆ 2005ರಿಂದ ವಿನಾಯಿತಿ ಇದೆ: 1 ವ್ಯಾಟ್ ಟ್ರಾನ್ಸ್‌ಮಿಟರ್ ಶಕ್ತಿ, ಆಂಟೆನಾ ಸೇರಿ 4 ವ್ಯಾಟ್, 200 ಕಿಲೋಹರ್ಟ್ಜ್ ಅಗಲ. 125 ಕಿಲೋಹರ್ಟ್ಜ್‌ನ ಲೋರಾ ಇದರೊಳಗೆ ಆರಾಮಾಗಿ ಕೂರುತ್ತದೆ. ಉಪಕರಣಕ್ಕೆ ಮಾದರಿ ಅನುಮೋದನೆ ಇರಬೇಕು ಎಂಬ ಷರತ್ತು ಇದೆ, ಕೊಳ್ಳುವಾಗಲೇ ಕೇಳಿಕೊಳ್ಳಿ. ಎರಡನೆಯ ಕಾರಣ ಆಂಟೆನಾ. 433ಕ್ಕೆ ಕಾಲು ತರಂಗದ ತಂತಿ 17 ಸೆಂಟಿಮೀಟರ್, 866ಕ್ಕೆ ಅದರರ್ಧ. ಒಂದು ಮೀಟರ್ ರೆಕ್ಕೆಯ ಫೋಮ್ ವಿಮಾನದ ಬಾಲದ ರೆಕ್ಕೆಯಲ್ಲಿ ಎಂಟೆಂಟು ಸೆಂಟಿಮೀಟರ್‌ನ ಎರಡು ತೋಳು ನೆಟ್ಟಗೆ ನಿಲ್ಲುತ್ತವೆ. ಹದಿನೇಳರ ಎರಡನ್ನು ಮಡಚಬೇಕು, ಮಡಚಿದರೆ ಕಾಗದದ ಮೇಲೆ ಗಳಿಸಿದ ಡಿಬಿಗಳೆಲ್ಲ ಅಲ್ಲೇ ಹೋಗುತ್ತವೆ. ಹುಡುಕುವಾಗ ಕೈಯಲ್ಲಿ ಹಿಡಿಯುವ ಯಾಗಿ (ಒಂದು ದಿಕ್ಕಿಗೆ ಹೆಚ್ಚು ಕೇಳುವ) ಆಂಟೆನಾದ ಗಾತ್ರವೂ ಅರ್ಧ. ತೋಟದ ಸಾಲುಗಳ ನಡುವೆ, ಬಾಳೆ, ಕಾಳುಮೆಣಸಿನ ಬಳ್ಳಿಗಳ ಮಧ್ಯೆ ಅದನ್ನು ತಿರುಗಿಸುತ್ತ ನಡೆಯಬೇಕಾದಾಗ ಈ ಅರ್ಧದ ಬೆಲೆ ಗೊತ್ತಾಗುತ್ತದೆ.

ಬ್ಯಾಂಡ್ ಗೊತ್ತಾದ ಮೇಲೆ ಅದರೊಳಗಿನ ಜಾಗ. ಲೋರಾವಾನ್ (ಲೋರಾ ಮೇಲೆ ನಡೆಯುವ ಜಾಲ) ಸಾಧನಗಳು ಭಾರತದಲ್ಲಿ 865.0625, 865.4025, 865.985ರಲ್ಲಿ ಮಾತಾಡುತ್ತವೆ, 866.55ರಲ್ಲಿ ಉತ್ತರ ಕೇಳುತ್ತವೆ. ಈ ನಾಲ್ಕನ್ನು ಬಿಟ್ಟು ನಾನು 865.7 ಅಥವಾ 866.25 ಇಡುತ್ತೇನೆ. ಇಬ್ಬರು ಒಟ್ಟಿಗೆ ಹಾರಿಸುವಾಗ ಒಬ್ಬರಿಗೊಂದು. ನಿಮ್ಮ ರಿಮೋಟ್ 866ರ ಎಕ್ಸ್‌ಪ್ರೆಸ್‌ಎಲ್‌ಆರ್‌ಎಸ್ ಎಂಬ ವ್ಯವಸ್ಥೆಯದ್ದಾಗಿದ್ದರೆ ಈ ಯೋಜನೆ ಹಾಗೇ ನಡೆಯುವುದಿಲ್ಲ. ಅದು ಇಡೀ ಬ್ಯಾಂಡನ್ನು ಆವರಿಸಿಕೊಂಡು ಜಿಗಿಯುತ್ತಿರುತ್ತದೆ, ಹತ್ತು ಸೆಂಟಿಮೀಟರ್ ಪಕ್ಕದಲ್ಲಿ ಬೀಕನ್ ಕೂಗಿದರೆ ವಿಮಾನದ ರಿಸೀವರ್ ಕಿವುಡಾಗುತ್ತದೆ. ಅಂಥವರು ಹಾರಾಟದ ಹೊತ್ತಿಗೆ ಬೀಕನ್ ಪೂರ್ತಿ ಸುಮ್ಮನಿರುವಂತೆ ಮಾಡಿಕೊಳ್ಳಬೇಕು. 2.4ರ ರಿಮೋಟ್ ಇದ್ದವರಿಗೆ ಈ ತೊಂದರೆ ಇಲ್ಲ. 866ರ ಎರಡರಷ್ಟು 1732, ಮೂರರಷ್ಟು 2598. ಜಿಪಿಎಸ್‌ನ 1575 ಮೇಲಾಗಲಿ 2.4 ಬ್ಯಾಂಡ್ ಮೇಲಾಗಲಿ ಬೀಳುವುದಿಲ್ಲ.

ಬೀಕನ್‌ಗೆ ನಾನು ಬಳಸುವುದು: ಆರ್‌ಎಫ್‌ಎಂ95 ಲೋರಾ ಮಾಡ್ಯೂಲ್ (868 ಎಂದು ಬರೆದದ್ದು), 3.3 ವೋಲ್ಟ್ 8 ಮೆಗಾಹರ್ಟ್ಜ್‌ನ ಆರ್ಡುಯಿನೊ ಪ್ರೊ ಮಿನಿ ಬೋರ್ಡ್, ಸಣ್ಣ ಜಿಪಿಎಸ್, ಮತ್ತು ಇದಕ್ಕೇ ಅಂತ ಪ್ರತ್ಯೇಕವಾದ 300 ಎಂಎಎಚ್‌ನ ಒಂಟಿ ಸೆಲ್ ಲಿಪೊ (ಲಿಥಿಯಂ ಪಾಲಿಮರ್ ಬ್ಯಾಟರಿ). ವಿಮಾನದ ಮುಖ್ಯ ಬ್ಯಾಟರಿಯಿಂದ ಕರೆಂಟ್ ತೆಗೆಯಬೇಡಿ. ನೆಲಕ್ಕೆ ಅಪ್ಪಳಿಸಿದಾಗ ಮೊದಲು ಹೊರಗೆ ಹಾರುವುದೇ ಅದು. ಪ್ರೊ ಮಿನಿಯ ಪವರ್ ಎಲ್‌ಇಡಿಯನ್ನು ಕಿತ್ತು ಹಾಕಿ, ಸುಮ್ಮನೆ ಉರಿಯುತ್ತ ಸೆಲ್ ತಿನ್ನುತ್ತದೆ.

ಬೀಕನ್ ಎರಡು ರೀತಿಯಲ್ಲಿ ಕೆಲಸ ಮಾಡುತ್ತದೆ. ಹಾರಾಟದಲ್ಲಿ ಐದು ಸೆಕೆಂಡಿಗೊಮ್ಮೆ ಸ್ಪ್ರೆಡಿಂಗ್ ಫ್ಯಾಕ್ಟರ್ (ಇದು ಹೆಚ್ಚಿದಷ್ಟೂ ಲೋರಾ ನಿಧಾನ, ಆದರೆ ದೂರ ಮುಟ್ಟುತ್ತದೆ) 9ರಲ್ಲಿ 12 ಬೈಟ್ ಕಳಿಸುತ್ತದೆ: ಅಕ್ಷಾಂಶಕ್ಕೆ 4, ರೇಖಾಂಶಕ್ಕೆ 4, ಎತ್ತರಕ್ಕೆ 2, ವೋಲ್ಟೇಜ್‌ಗೆ 1, ಜಿಪಿಎಸ್ ಮಾಹಿತಿ ಎಷ್ಟು ಹಳೆಯದು ಎಂಬುದಕ್ಕೆ 1. ಒಂದು ಪ್ಯಾಕೆಟ್‌ಗೆ 144 ಮಿಲಿಸೆಕೆಂಡ್ ಸಾಕು. ಹಾರಾಟದಲ್ಲೇ ಹೀಗೆ ಕಳಿಸುವುದು ಬಹಳ ಮುಖ್ಯ. ಬಿದ್ದ ಏಟಿಗೆ ಬೀಕನ್ ಸತ್ತರೂ ಕೊನೆಯ ಜಾಗ ನೆಲದ ರಿಸೀವರ್‌ನಲ್ಲಿ ಉಳಿದಿರುತ್ತದೆ. ರಿಮೋಟ್ ರಿಸೀವರ್‌ನ ಒಂದು ಖಾಲಿ ಚಾನೆಲ್ ಒಂದು ನಿಮಿಷ ಫೇಲ್‌ಸೇಫ್‌ನಲ್ಲಿದ್ದರೆ (ರಿಮೋಟ್‌ನ ಸಂಪರ್ಕ ಕಡಿದ ಸ್ಥಿತಿ), ಅಥವಾ ಎರಡು ನಿಮಿಷ ಜಿಪಿಎಸ್ ಜಾಗ ಕದಲದಿದ್ದರೆ, ಬೀಕನ್ ಹುಡುಕಾಟದ ಕ್ರಮಕ್ಕೆ ಹೋಗುತ್ತದೆ. ಆಗ ಸ್ಪ್ರೆಡಿಂಗ್ ಫ್ಯಾಕ್ಟರ್ 12, ಅರ್ಧ ನಿಮಿಷಕ್ಕೊಂದು ಪ್ಯಾಕೆಟ್, ಒಂದೊಂದೂ 1.15 ಸೆಕೆಂಡ್ ಉದ್ದ. ನಡುವೆ ಎರಡು ಸೆಕೆಂಡಿಗೊಮ್ಮೆ 60 ಮಿಲಿಸೆಕೆಂಡ್‌ನ ಬರೀ ಕ್ಯಾರಿಯರ್ (ಮಾಹಿತಿ ಹೊರದ ಖಾಲಿ ಅಲೆ).  ಶಕ್ತಿಯನ್ನು 13 ಡಿಬಿಎಂಗೆ (ಸುಮಾರು 20 ಮಿಲಿವ್ಯಾಟ್) ಇಟ್ಟಿದ್ದೇನೆ, ಪೂರ್ತಿ 20ಕ್ಕೆ ಏರಿಸಿದರೆ ಈ ಚಿಪ್ 120 ಮಿಲಿಆಂಪ್ ಎಳೆಯುತ್ತದೆ. ಏಳು ಡಿಬಿಗಾಗಿ ಅಷ್ಟೊಂದು ಕರೆಂಟ್ ಕೊಡುವುದಕ್ಕಿಂತ ಹೆಚ್ಚು ಹೊತ್ತು ಬದುಕಿರುವ ಬೀಕನ್ನೇ ನನಗೆ ಇಷ್ಟ. ಜಿಪಿಎಸ್‌ಗೆ ಹತ್ತು ನಿಮಿಷಕ್ಕೆ ಒಂದು ನಿಮಿಷ ಮಾತ್ರ ಕರೆಂಟ್ ಕೊಟ್ಟು, ಬೋರ್ಡನ್ನು ಮಧ್ಯೆ ಮಲಗಿಸಿದರೆ ಎರಡು ದಿನದ ಹತ್ತಿರ ನಡೆಯುತ್ತದೆ. ಸಂಜೆ ಕಳೆದದ್ದನ್ನು ಕತ್ತಲಲ್ಲಿ ಹುಡುಕಬೇಕಿಲ್ಲ, ಬೆಳಿಗ್ಗೆ ಹೋಗಬಹುದು.

ಬಿದ್ದ ಮೇಲಿನ ಜಿಪಿಎಸ್ ಜಾಗವನ್ನು ನಂಬಬೇಡಿ. ವಿಮಾನ ಬೋರಲಾಗಿದ್ದರೆ ಜಿಪಿಎಸ್‌ನ ಸೆರಾಮಿಕ್ ಆಂಟೆನಾ ನೆಲ ನೋಡುತ್ತಿರುತ್ತದೆ, ಮೇಲೆ ಸೋಗೆಯ ಚಪ್ಪರ. ಒಂದೋ ಜಾಗ ಸಿಗುವುದಿಲ್ಲ, ಇಲ್ಲವೇ ಹತ್ತಾರು ಮೀಟರ್ ಅಲೆದಾಡುತ್ತದೆ. ಆಕಾಶದಲ್ಲಿದ್ದಾಗ ಸಿಕ್ಕ ಕೊನೆಯ ಜಾಗವನ್ನು ಅಳಿಸದೆ ಅದನ್ನೇ ಕಳಿಸುವಂತೆ ಬರೆಯಿರಿ.

ಬೀಕನ್‌ನ ಆಂಟೆನಾ ಎಂದರೆ 8.2 ಸೆಂಟಿಮೀಟರ್‌ನ ಎರಡು ತೋಳು, ಎದುರುಬದುರು, ಒಟ್ಟು 16.4. ನೆಟ್ಟಗೆ ನಿಲ್ಲುವ ಬಾಲದ ರೆಕ್ಕೆಯಲ್ಲಿ ಫೋಮ್ ಸೀಳಿ ಹುದುಗಿಸಿ. ಕಾರ್ಬನ್ ಫೈಬರ್ ಕೊಳವೆ, ಮೋಟರ್ ತಂತಿ ಹತ್ತಿರ ಬೇಡ. ಕಾರ್ಬನ್ ಪಕ್ಕದಲ್ಲಿ ಇಟ್ಟ ಆಂಟೆನಾ ಮೇಜಿನ ಮೇಲೆ ಚೆನ್ನಾಗಿ ಕೇಳಿಸಿ ಇನ್ನೂರು ಮೀಟರ್‌ಗೆ ಮಾಯವಾಗುತ್ತದೆ. ಮಾಡ್ಯೂಲ್, ಸೆಲ್ ಎರಡನ್ನೂ ಬಾಲದ ಕಡೆಗೇ ಒಟ್ಟಿಗೆ ಅಂಟಿಸಿ. ಮೂತಿ ಪುಡಿಯಾಗುತ್ತದೆ, ಬಾಲ ಸಾಮಾನ್ಯವಾಗಿ ಉಳಿಯುತ್ತದೆ. ತೂಕದ ಮಧ್ಯಬಿಂದುವನ್ನು ಮತ್ತೆ ಸರಿಮಾಡಿಕೊಳ್ಳಲು ಮರೆಯಬೇಡಿ.

ನೆಲದಲ್ಲಿ ಎರಡು ರಿಸೀವರ್. ಮೊದಲನೆಯದು ಮತ್ತೊಂದು ಆರ್‌ಎಫ್‌ಎಂ95, ಪರದೆಯೊಂದಿಗೆ. ಅದರಲ್ಲಿ 9 ಮತ್ತು 12ರ ನಡುವೆ ಬದಲಿಸಲು ಒಂದು ಗುಂಡಿ ಇರಲಿ. ಬೀಕನ್ 12ಕ್ಕೆ ಹೋಗಿ ರಿಸೀವರ್ 9ರಲ್ಲೇ ಕೂತಿದ್ದರೆ ಪಕ್ಕದಲ್ಲಿದ್ದರೂ ಏನೂ ಕೇಳುವುದಿಲ್ಲ. ಇನ್ನೊಂದು ಆರ್‌ಟಿಎಲ್-ಎಸ್‌ಡಿಆರ್ ಡಾಂಗಲ್ (ಫೋನನ್ನೇ ರೇಡಿಯೋ ರಿಸೀವರ್ ಮಾಡುವ ಸಣ್ಣ ಸಾಧನ), ಒಟಿಜಿ ಕೇಬಲ್‌ನಲ್ಲಿ ಫೋನ್‌ಗೆ ಸೇರಿಸಿದ್ದು. ಲೋರಾ ಪ್ಯಾಕೆಟ್ ಜಾಗ ಹೇಳುತ್ತದೆ, ಆದರೆ ಅರ್ಧ ನಿಮಿಷಕ್ಕೊಮ್ಮೆ ಬರುವ ಸಂಖ್ಯೆ ನೋಡಿಕೊಂಡು ದಿಕ್ಕು ಹಿಡಿಯಲಾಗದು. ದಿಕ್ಕಿಗೆ ಆ ಕ್ಯಾರಿಯರ್ ಬೇಕು. ಡಾಂಗಲನ್ನು ಅಪ್ಪರ್ ಸೈಡ್‌ಬ್ಯಾಂಡ್ (ಆ್ಯಪ್‌ನಲ್ಲಿ ಯುಎಸ್‌ಬಿ ಎಂದಿರುತ್ತದೆ) ಕ್ರಮಕ್ಕೆ ಹಾಕಿ, 500 ಹರ್ಟ್ಜ್ ಫಿಲ್ಟರ್ ಇಟ್ಟರೆ 'ಟಿಕ್, ಟಿಕ್' ಎಂದು ಕೇಳಿಸುತ್ತದೆ. ಎಫ್‌ಎಂ ಕ್ರಮದಲ್ಲಿ ಬರೀ ಕ್ಯಾರಿಯರ್ ಕಿವಿಗೆ ಸಿಗುವುದಿಲ್ಲ. ಅಗ್ಗದ ಕ್ರಿಸ್ಟಲ್ 20 ಪಿಪಿಎಂ (ಹತ್ತು ಲಕ್ಷಕ್ಕೆ 20 ಪಾಲು) ಜಾರಿದರೆ 866ರಲ್ಲಿ 17 ಕಿಲೋಹರ್ಟ್ಜ್ ಆಚೀಚೆಯಾಗುತ್ತದೆ, ಬಿಸಿಲಿಗೆ ಇನ್ನೂ ಸರಿಯುತ್ತದೆ. ಆದ್ದರಿಂದ ಮೊದಲು ಪರದೆಯ ವಾಟರ್‌ಫಾಲ್‌ನಲ್ಲಿ (ಸಿಗ್ನಲ್‌ಗಳನ್ನು ಹೊತ್ತಿನ ಪ್ರಕಾರ ಸರಿಸುತ್ತ ತೋರಿಸುವ ಚಿತ್ರ) ಚುಕ್ಕೆಗಳ ಸಾಲು ಹುಡುಕಿ, ಆಮೇಲೆ ಅದರ ಮೇಲೆ ಟ್ಯೂನ್ ಮಾಡಿ. ಗೇನ್ (ಸಿಗ್ನಲ್ ಹಿಗ್ಗಿಸುವ ಮಟ್ಟ) ಆಟೋಮ್ಯಾಟಿಕ್ ಇಡಬೇಡಿ, ಅದು ಆಂಟೆನಾ ತಿರುಗಿಸಿದಾಗಿನ ಏರಿಳಿತವನ್ನೇ ಸಮ ಮಾಡಿಬಿಡುತ್ತದೆ. ಊರ ಹತ್ತಿರ ಇನ್ನೊಂದು ಕಾಟ: 869ರಿಂದ ಮೇಲೆ ಮೊಬೈಲ್ ಟವರ್‌ಗಳ 850 ಬ್ಯಾಂಡ್ ಶುರು. ಆಂಟೆನಾ ಟವರ್ ಕಡೆ ತಿರುಗಿದಾಗ ಪರದೆಯ ಹಿನ್ನೆಲೆ ಗದ್ದಲವೆಲ್ಲ ಒಟ್ಟಿಗೆ ಮೇಲೇಳುತ್ತಿದ್ದರೆ ಡಾಂಗಲ್ ತುಂಬಿಹೋಗಿದೆ ಎಂದರ್ಥ. ಗೇನ್ ಇಳಿಸಿ, ಆಗದಿದ್ದರೆ 866ರ ಸುತ್ತಲಿನದನ್ನು ಮಾತ್ರ ಒಳಬಿಡುವ ಸಾ (SAW) ಫಿಲ್ಟರ್ ಹಾಕಿ.

ಯಾಗಿಗೆ ಮನೆ ವೈರಿಂಗ್‌ನ 2.5 ಚದರ ಮಿಲಿಮೀಟರ್ ಗಟ್ಟಿ ತಾಮ್ರದ ತಂತಿ, ಸಿಪ್ಪೆ ಸುಲಿದದ್ದು. ಹಿಂದಿನ ಕಡ್ಡಿ 17.1, ಮಧ್ಯದ್ದು 16.3, ಮುಂದಿನದು 15.2 ಸೆಂಟಿಮೀಟರ್, ನಡುವಿನ ಅಂತರ ಎರಡೂ ಕಡೆ 7. ಮಧ್ಯದ ಕಡ್ಡಿಯನ್ನು ನಟ್ಟನಡುವೆ ಮೂರು ಮಿಲಿಮೀಟರ್ ಬಿಡಿಸಿ ಅಲ್ಲಿ 50 ಓಮ್ ಕೇಬಲ್ ಬೆಸೆಯಿರಿ. ಕಡ್ಡಿಗಳನ್ನು ಹಿಡಿದಿಡಲು ಚೆನ್ನಾಗಿ ಒಣಗಿದ ಅಡಿಕೆ ದಬ್ಬೆಯ (ಸೀಳಿದ ಮರ) ತುಂಡು ಅಥವಾ ಪಿವಿಸಿ ಕೊಳವೆ ಸಾಕು. ಹಸಿ ದಬ್ಬೆ ಬೇಡ. ಬೆಸೆದ ಜಾಗದ ಹತ್ತಿರವೇ ಕೇಬಲ್‌ಗೆ ಎರಡು ಮೂರು ಫೆರೈಟ್ ಮಣಿ ಹಾಕಿ, ಇಲ್ಲದಿದ್ದರೆ ಕೇಬಲ್ ತಾನೇ ಆಂಟೆನಾ ಆಗಿ ದಿಕ್ಕು ಕಲಸಿಹೋಗುತ್ತದೆ. ಬಯಲಲ್ಲಿ ಬೀಕನ್ ಇಟ್ಟು ಯಾಗಿಯ ಮುಂಭಾಗ, ಹಿಂಭಾಗ ತೋರಿಸಿ ನೋಡಿ. ಹತ್ತು ಡಿಬಿ ವ್ಯತ್ಯಾಸ ಬರದಿದ್ದರೆ ಅಳತೆ ಎಲ್ಲೋ ತಪ್ಪಿದೆ.

ಹುಡುಕುವಾಗ ಮೊದಲು ಎತ್ತರಕ್ಕೆ ಹೋಗಿ. ತೋಟಗಳು ಕಣಿವೆಯ ತಳದಲ್ಲಿರುವುದರಿಂದ ಕೆಳಗೆ ನಿಂತು ಹಿಡಿದ ದಿಕ್ಕು ಎಷ್ಟೋ ಸಲ ಎದುರು ಗುಡ್ಡದಿಂದ ತಿರುಗಿ ಬಂದ ಪ್ರತಿಫಲನದ್ದು. ಸಿಗ್ನಲ್ ಎರಡು ಕಡೆ ಸಮ ಜೋರಾಗಿ ಕಂಡರೆ ಆ ಜಾಗದ ಓದನ್ನು ಬಿಟ್ಟುಬಿಡಿ, ಐವತ್ತು ಹೆಜ್ಜೆ ಸರಿದು ಮತ್ತೆ ತೆಗೆಯಿರಿ. ಕನಿಷ್ಠ ಮೂರು ಜಾಗದಿಂದ ದಿಕ್ಕು ತೆಗೆದು ನಕ್ಷೆಯಲ್ಲಿ ಗೆರೆ ಎಳೆಯಿರಿ. ಯಾಗಿಯನ್ನು ಅಡ್ಡ, ನೆಟ್ಟಗೆ ಎರಡೂ ರೀತಿ ಹಿಡಿದು ನೋಡಿ. ಬಿದ್ದ ವಿಮಾನ ಯಾವ ಕೋನದಲ್ಲಿದೆಯೋ ಗೊತ್ತಿಲ್ಲವಲ್ಲ. ಪ್ಯಾಕೆಟ್ ಬಂದಾಗ ಬರೀ ಆರ್‌ಎಸ್‌ಎಸ್‌ಐ (ಸಿಗ್ನಲ್‌ನ ಒಟ್ಟು ಬಲ) ನೋಡಬೇಡಿ. ಗದ್ದಲದ ಮಟ್ಟ ತಲುಪಿದ ಮೇಲೆ ಅದು ಕೆಳಗಿಳಿಯುವುದಿಲ್ಲ, ಆಗ ಎಸ್‌ಎನ್‌ಆರ್ (ಗದ್ದಲಕ್ಕೆ ಹೋಲಿಸಿದ ಸಿಗ್ನಲ್ ಬಲ) ನಿಜ ಹೇಳುತ್ತದೆ. 12ರಲ್ಲಿ ಮೈನಸ್ 20ರವರೆಗೂ ಪ್ಯಾಕೆಟ್ ಬಿಡಿಸಿಕೊಳ್ಳುತ್ತದೆ. ಮೈನಸ್ 18 ಇದ್ದದ್ದು ಮೈನಸ್ 10ಕ್ಕೆ ಏರಿದರೆ ಸರಿಯಾದ ಕಡೆ ನಡೆಯುತ್ತಿದ್ದೀರಿ.

ಐವತ್ತು ಮೀಟರ್ ಒಳಗೆ ಬಂದರೆ ಎಲ್ಲ ದಿಕ್ಕೂ ಜೋರು. ಆಗ ಯಾಗಿ ಕಳಚಿ, ಡಾಂಗಲ್‌ಗೆ ಗಿಡ್ಡ ತಂತಿ ಹಾಕಿ, ಎದೆಗೆ ಒತ್ತಿ ಹಿಡಿದು ನಿಧಾನ ಒಂದು ಸುತ್ತು ತಿರುಗಿ. ಸಿಗ್ನಲ್ ತೀರ ಕುಗ್ಗಿದಾಗ ವಿಮಾನ ನಿಮ್ಮ ಬೆನ್ನ ಹಿಂದಿದೆ. ಅಡಿಕೆ ಮರಗಳ ನಡುವೆ ಸಾಮಾನ್ಯವಾಗಿ 2.7 ಮೀಟರ್ ಅಂತರ, ಜಿಪಿಎಸ್ ಐದು ಮೀಟರ್ ತಪ್ಪಿದರೂ ಹತ್ತು ಮರ ಲೆಕ್ಕಕ್ಕೆ ಬರುತ್ತವೆ. ಈ ಹಂತದಲ್ಲಿ ನೆಲ ನೋಡುವುದನ್ನು ಬಿಟ್ಟು ಆಂಟೆನಾವನ್ನು ಮೇಲಕ್ಕೂ ತಿರುಗಿಸಿ. ಹಗುರ ಫೋಮ್ ವಿಮಾನ ಹೆಡೆಗಳ ನಡುವೆ ಸಿಕ್ಕಿಕೊಂಡಿರುವುದೇ ಹೆಚ್ಚು. ತೋಟದವರಿಗೆ ಹೇಳಿಯೇ ಒಳಗೆ ಹೋಗಿ, ಮರ ನೀವೇ ಹತ್ತಬೇಡಿ. ಕೊಯ್ಲಿನ ಕಾರ್ಬನ್ ದೋಟಿ (ಉದ್ದ ಕೋಲು) ಇದ್ದವರ ಮನೆಯಲ್ಲಿ ಕೇಳಿ, ಇಲ್ಲವೇ ಅಡಿಕೆ ಕೊನೆ ಕೊಯ್ಯುವ ಕೊನೆಗೌಡರನ್ನು ಕರೆಯಿರಿ. ದೋಟಿ ಎತ್ತುವ ಮೊದಲು ಮೇಲೆ ವಿದ್ಯುತ್ ತಂತಿ ಇದೆಯೇ ನೋಡಿಕೊಳ್ಳಿ, ಕಾರ್ಬನ್ ಕರೆಂಟ್ ಹರಿಸುತ್ತದೆ.

ಕರಾವಳಿಯಲ್ಲಿ ಮೊದಲ ಪ್ರಶ್ನೆ ಹಾರಿಸಬಹುದೇ ಎಂಬುದು. ಕಾರವಾರದಲ್ಲಿ ಐಎನ್‌ಎಸ್ ಕದಂಬ ನೌಕಾನೆಲೆ, ಒಳಗೆ ಕೈಗಾ ಅಣುಸ್ಥಾವರ ಇವೆ. ಎಲ್ಲಿ ಹಾರಿಸಬಹುದೆಂದು ತೋರಿಸುವ ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆ ನೋಡದೆ ಪೆಟ್ಟಿಗೆ ತೆರೆಯಬೇಡಿ. ಅನುಮತಿ ಇರುವ ಬಯಲಲ್ಲಿ ಗಾಳಿ ನೋಡಿದರೆ ಅರ್ಧ ಹುಡುಕಾಟ ಮುಗಿಯಿತು: ಮಧ್ಯಾಹ್ನ ಕಡಲಗಾಳಿ ವಿಮಾನವನ್ನು ಪೂರ್ವಕ್ಕೆ, ಗಾಳಿಮರದ ತೋಪಿನ ಕಡೆ ಒಯ್ಯುತ್ತದೆ, ಬೆಳಗಿನ ನೆಲಗಾಳಿ ನೀರಿನ ಕಡೆ. ಉಪ್ಪುನೀರಿಗೆ ಯಾವ ಫ್ರೀಕ್ವೆನ್ಸಿ ಆರಿಸಿದರೂ ಉಪಯೋಗವಿಲ್ಲ. 433ರಲ್ಲೇ ಒಂದು ಸೆಂಟಿಮೀಟರ್‌ಗೆ ಸುಮಾರು 7 ಡಿಬಿ ಹೋಗುತ್ತದೆ, ಒಂದು ಗೇಣು ಮುಳುಗಿದರೆ ಬೀಕನ್ ಇದ್ದೂ ಇಲ್ಲದಂತೆ. ಹಾಗಾಗಿ ಗಜನಿ (ಉಪ್ಪುನೀರು ನುಗ್ಗುವ ಗದ್ದೆ), ಅಳಿವೆ ಹತ್ತಿರ ಹಾರಿಸುವ ವಿಮಾನದ ಬಾಲ ತೇಲುವಂತೆ ಫೋಮ್ ತುಂಬಿ, ಬೀಕನ್‌ಗೆ ಸಿಲಿಕೋನ್ ಲೇಪನ ಕೊಡಿ. ಸಿಕ್ಕಿದ ಮೇಲೆ ಬೋರ್ಡನ್ನು ಕೂಡಲೇ ಸಿಹಿನೀರಿನಲ್ಲಿ ತೊಳೆದು ಒಣಗಿಸಿ, ಕನೆಕ್ಟರ್‌ನ ಹಸಿರು ಕಿಲುಬನ್ನು ಉಜ್ಜಿ ತೆಗೆಯಿರಿ. ಉಪ್ಪುನೀರು ಕುಡಿದ ಲಿಪೊ ಸೆಲ್ ಮೇಲ್ನೋಟಕ್ಕೆ ಸರಿ ಕಂಡರೂ ಮತ್ತೆ ಚಾರ್ಜಿಗೆ ಹಾಕಬೇಡಿ. ಮನೆಯಿಂದ ಹೊರಗಿಟ್ಟು, ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಡಿ.