ಡನಾಯೆಯ ಮೈ ಮತ್ತು ಚಿನ್ನದ ಮಳೆ: ನಾನು ಬಿಡಿಸಿದ ಬಗೆ

ಗ್ರೀಕ್ ಕಥೆಯಲ್ಲಿ ಡನಾಯೆಯನ್ನು ತಂದೆಯೇ ಸೆರೆಯಲ್ಲಿಡುತ್ತಾನೆ; ದೇವರಾಜ ಜ್ಯೂಸ್ ಚಿನ್ನದ ಮಳೆಯಾಗಿ ಇಳಿದು ಅವಳನ್ನು ಕೂಡುತ್ತಾನೆ. ಇಟಲಿಯ ಚಿತ್ರಕಾರ ಟಿಶಿಯನ್ ಒಂದು ಚಿತ್ರದಲ್ಲಿ ಮಡಿಲೊಡ್ಡಿ ನಾಣ್ಯ ಹಿಡಿಯುವ ಮುದುಕಿಯನ್ನೂ ಕೂರಿಸಿದ. ಆಸ್ಟ್ರಿಯಾದ ಚಿತ್ರಕಾರ ಗುಸ್ತಾವ್ ಕ್ಲಿಮ್ಟ್ 1907–08ರಲ್ಲಿ ಅದನ್ನೆಲ್ಲ ತೆಗೆದುಹಾಕಿ, 77×83 ಸೆಂ.ಮೀ. ಕ್ಯಾನ್ವಾಸಿನಲ್ಲಿ ಮುದುಡಿ ಮಲಗಿದ ಮೈಯನ್ನೂ ಮಳೆಯನ್ನೂ ಮಾತ್ರ ಉಳಿಸಿಕೊಂಡ. ಕಥೆಯ ಭಾರವೆಲ್ಲ ಭಂಗಿಯ ಮೇಲೆ ಬಿತ್ತು. ಆ ಚಿತ್ರವನ್ನು 60×65 ಸೆಂ.ಮೀ. ಅಳತೆಯಲ್ಲಿ ನಾನು ಅಭ್ಯಾಸ ಮಾಡಿದ್ದು ಹೀಗೆ.

ಮೊಣಕಾಲು ಎದೆಗೆಳೆದ ಈ ಭಂಗಿಯಲ್ಲಿ ಮಾಡೆಲ್‌ಗೆ 20 ನಿಮಿಷಕ್ಕೇ ಕಾಲು ಜೋಮು ಹಿಡಿಯುತ್ತದೆ. ಎದ್ದು ಮತ್ತೆ ಮಲಗಲು ಹಾಸಿನ ಮೇಲೆ ಟೇಪಿನ ಗುರುತು ಬೇಕು. ಮೊದಲು ಅಳೆಯಬೇಕಾದ್ದು ತೊಡೆ, ಮುಖವಲ್ಲ. ತೊಡೆ ಚಿಕ್ಕದಾದರೆ ಚಿತ್ರ ಬರೀ ಮಲಗಿದ ಹುಡುಗಿಯದಾಗುತ್ತದೆ.

ಮೈಗೆ ಮೊದಲ ಪದರ ಟೆರ್ ವರ್ಟ್ ಎಂಬ ಮಣ್ಣಿನ ಹಸಿರು ಮತ್ತು ಬಿಳಿ, ಟರ್ಪಂಟೈನಿನಲ್ಲಿ ತೆಳುವಾಗಿ. ಒಣಗಿದ ಮೇಲೆ ಬಿಳಿ, ಯೆಲ್ಲೊ ಓಕರ್, ಚಿಟಿಕೆ ಕ್ಯಾಡ್ಮಿಯಂ ರೆಡ್. ಮೊಣಕಾಲು, ಬೆರಳ ತುದಿ, ಕೆನ್ನೆಗೆ ಕೆಂಪು ಹೆಚ್ಚು. ತೊಡೆಯ ಒಳಮಗ್ಗುಲಲ್ಲಿ ಕೆಳಗಿನ ಹಸಿರು ಇಣುಕಲಿ. ಟೈಟೇನಿಯಂ ಬಿಳಿ ಹೆಚ್ಚಾದರೆ ಮೈ ಸುಣ್ಣ ಬಳಿದ ಗೋಡೆ. ಮೃದು ಕುಂಚದಿಂದ ಎಲ್ಲ ಅಂಚನ್ನೂ ತೀಡುವ ಆಸೆ ಬೇಡ: ಶೃಂಗಾರ ಹುಟ್ಟುವುದು ದುಂಡಗಿನ ಮೈ ಚಪ್ಪಟೆ ಚಿನ್ನವನ್ನು ತಾಗುವ ಗೆರೆಯಲ್ಲಿ. ಅಲ್ಲಿ ಅಂಚು ಖಚಿತವಾಗಿರಬೇಕು, ಕೂದಲು ಮತ್ತು ನೇರಳೆ ಬಟ್ಟೆಯ ಕಡೆ ಕರಗಬೇಕು.

ಮಳೆಗೆ ನಾನು ಬಳಸಿದ್ದು ಚಿನ್ನದ ರೇಕು, ಅಂದರೆ ಬಡಿದು ತೆಳುವಾಗಿಸಿದ ಹಾಳೆ. ಚಿನ್ನದಡಿ ಉಬ್ಬು ಮೂಡಿಸುವ ಮೈಸೂರು ಶೈಲಿಯ ಗೆಸ್ಸೊ ಲೇಪ ಹಲಗೆಗೆ ಸರಿ, ಅಲುಗುವ ಕ್ಯಾನ್ವಾಸಿನ ಮೇಲೆ ಬಿರಿಯುತ್ತದೆ. ಸುತ್ತಲ ಬಣ್ಣ ಪೂರ್ತಿ ಒಣಗಿದ ಮೇಲೆ ಟಾಲ್ಕಂ ಸವರಿ ಒರೆಸಿ, ಇಲ್ಲದಿದ್ದರೆ ಬೇಡದ ಕಡೆಯೂ ರೇಕು ಅಂಟುತ್ತದೆ. ರೇಕು ಅಂಟಿಸುವ ಎಣ್ಣೆಯ ಅಂಟಾದ ಆಯಿಲ್ ಸೈಜನ್ನು (ಸುಮಾರು 12 ಗಂಟೆಗೆ ಹದಕ್ಕೆ ಬರುವ ಬಗೆ) ಆದಷ್ಟು ತೆಳುವಾಗಿ ಹಚ್ಚಿ; ಬೆರಳ ಗಿಣ್ಣು ತಾಗಿಸಿದಾಗ ಅಂಟಿದಂತಾಗಬೇಕು, ಗುರುತು ಉಳಿಯಬಾರದು. ಬೇಗ ಇಟ್ಟರೆ ರೇಕು ಮುಳುಗಿ ಮಂಕಾಗುತ್ತದೆ. ಫ್ಯಾನ್ ಆರಿಸಿಯೇ ರೇಕಿನ ಪುಸ್ತಕ ಬಿಚ್ಚಿ. ಅಗ್ಗದ ಹಿತ್ತಾಳೆ ರೇಕು ಕಾಲಕ್ರಮೇಣ ಕಪ್ಪಾಗುತ್ತದೆ.

ಚಿನ್ನದ ನಡುವೆ ಕ್ಲಿಮ್ಟ್ ಇಟ್ಟ ಕಪ್ಪು ಆಯತವನ್ನು ಬಿಡಬೇಡಿ. ಗಂಡಿನ ಸಂಕೇತವೆಂದು ಅದನ್ನು ಓದುವುದುಂಟು. ನನ್ನ ಕಣ್ಣಿಗೆ, ಅದಿಲ್ಲದೆ ಮಳೆ ಬರೀ ಒಡವೆ. ವಾರ್ನಿಶ್ ಮೈಗೆ ಮಾತ್ರ, ಆರು ತಿಂಗಳಾದ ಮೇಲೆ. ಅಪ್ಪಟ ಚಿನ್ನಕ್ಕೆ ಹಚ್ಚಿದರೆ ಹೊಳಪು ಕುಗ್ಗುತ್ತದೆ.