ಕಿಟ್ಟದಲ್ಲಿ ಹೋಗುತ್ತಿದ್ದ ಆಂಟಿಮನಿ

ಹಳೆ ಬ್ಯಾಟರಿಗಳ ಸೀಸ ಕರಗಿಸಿ ಶುದ್ಧ ಮಾಡುವುದು ನನ್ನ ಕೆಲಸ. ಮೊದಮೊದಲು ಕಡಾಯಿಯ ಮೇಲೆ ತೇಲಿದ ಕಿಟ್ಟವನ್ನೆಲ್ಲ ಬಾಚಿ ಒಂದೇ ರಾಶಿಗೆ ಸುರಿಯುತ್ತಿದ್ದೆವು. ಗಟ್ಟಿ ಸೀಸಕ್ಕೆ ಬೇಡಿಕೆ ಬಂದಾಗ ಹೊಸ ಆಂಟಿಮನಿ, ಅಂದರೆ ಸೀಸವನ್ನು ಗಟ್ಟಿ ಮಾಡುವ ಲೋಹದಂಥ ವಸ್ತು, ತಂದು ಬೆರೆಸುತ್ತಿದ್ದೆವು. ಬಾಚಿ ಎಸೆದದ್ದನ್ನೇ ಮತ್ತೆ ದುಡ್ಡು ಕೊಟ್ಟು ತರುತ್ತಿದ್ದೇವಲ್ಲ ಅಂತ ಹೊಳೆದ ಮೇಲೆ ಕೆಲಸದ ಕ್ರಮವನ್ನೇ ಬದಲಾಯಿಸಿದೆ.

ಶುರು ಮಾಡಿದ್ದು ಕರಗಿಸುವುದಕ್ಕೂ ಮುಂಚೆ, ಬ್ಯಾಟರಿಗಳನ್ನು ಬಗೆಬಗೆಯಾಗಿ ವಿಂಗಡಿಸುವ ಜಾಗದಲ್ಲಿ. ಶುದ್ಧ ಸೀಸ ಉಗುರಿನಲ್ಲಿ ಗೀರಿದರೂ ಗೆರೆ ಬೀಳುವಷ್ಟು ಮೆತ್ತಗೆ. ಹಾಗಾಗಿ ಒಳಗಿನ ಜಾಲರಿ ಗಟ್ಟಿಯಾಗಿ ನಿಲ್ಲಲು ಏನಾದರೂ ಬೆರೆಸಲೇಬೇಕು. ಆಗಾಗ ನೀರು ಹಾಕುವ ಹಳೆ ಮಾದರಿಯಲ್ಲಿ ಅದು ಆಂಟಿಮನಿ. ನೀರು ಹಾಕುವ ಗೋಜಿಲ್ಲದ ಬ್ಯಾಟರಿಗಳಲ್ಲಿ ಸಾಮಾನ್ಯವಾಗಿ ಕ್ಯಾಲ್ಸಿಯಂ. ಎರಡನ್ನೂ ಒಟ್ಟಿಗೆ ಕರಗಿಸಿದರೆ ಒಂದಕ್ಕೊಂದು ಸೇರಿ ಕಿಟ್ಟವಾಗಿ ಮೇಲೆ ಬರುತ್ತವೆ. ಆ ಕಿಟ್ಟಕ್ಕೆ ತೇವ ತಗುಲಿದರೆ ಸ್ಟಿಬೀನ್ ಎಂಬ ಅನಿಲ ಹುಟ್ಟುತ್ತದೆ. ಅದು ಭಾರಿ ವಿಷ. ಈ ಒಂದು ವಿಷಯದಲ್ಲಿ ನಾನು ಯಾರ ಮಾತನ್ನೂ ಕೇಳುವುದಿಲ್ಲ: ಕಿಟ್ಟದ ಹತ್ತಿರ ನೀರು ಬರಕೂಡದು.

ಕಡಾಯಿಯಲ್ಲಿ ಮೊದಲು ತಾಮ್ರ ತೆಗೆಯುತ್ತೇವೆ. ಆಮೇಲೆ ಬಿಸಿಯನ್ನು 700 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಏರಿಸಿ ಗಾಳಿ ಊದುತ್ತೇವೆ. ಆಂಟಿಮನಿಗೆ ಸೀಸಕ್ಕಿಂತ ಬೇಗ ಆಮ್ಲಜನಕ ಹಿಡಿಯುತ್ತದೆ, ಹಾಗಾಗಿ ಅದು ಆಕ್ಸೈಡ್ ಆಗಿ ಮೇಲೆ ತೇಲುತ್ತದೆ. ಇಲ್ಲಿ ಸುಮ್ನೆ ಗಡಿಯಾರ ನೋಡಿಕೊಂಡು ಕೂತರೆ ಆಗದು. ಒಂದು ಸೌಟು ತೆಗೆದು ಸಣ್ಣ ಅಚ್ಚಿಗೆ ಸುರಿಯುತ್ತೇನೆ. ಆರಿದ ಪಟ್ಟಿಯನ್ನು ಇಕ್ಕಳದಲ್ಲಿ ಹಿಡಿದು ಬಗ್ಗಿಸುತ್ತೇನೆ. ಆಂಟಿಮನಿ ಜಾಸ್ತಿ ಇದ್ದರೆ ಟಕ್ ಅಂತ ಮುರಿಯುತ್ತದೆ, ಮುರಿದ ಕಡೆ ಬೂದು ಬಣ್ಣದ ಹರಳು ಕಾಣುತ್ತದೆ. ಕಡಿಮೆಯಾದಂತೆ ಪಟ್ಟಿ ಮುರಿಯದೆ ಬಾಗುತ್ತದೆ. ಕೊನೆಯ ಲೆಕ್ಕ ಲ್ಯಾಬಿನದೇ, ಆದರೂ ಯಾವಾಗ ಬಾಚಬೇಕು ಅಂತ ಈ ಪಟ್ಟಿ ಹೇಳುತ್ತದೆ.

ಹಾಗೆ ಬಾಚಿದ ಕಿಟ್ಟದಲ್ಲಿ ಸೀಸವೂ ಇರುತ್ತದೆ. ಕುಲುಮೆಯಲ್ಲಿ ಸ್ವಲ್ಪವೇ ಇದ್ದಿಲು ಪುಡಿ ಕೊಟ್ಟರೆ ಮೊದಲು ಸೀಸ ಇಳಿಯುತ್ತದೆ. ಅದನ್ನು ಹೊರತೆಗೆದು, ಉಳಿದದ್ದಕ್ಕೆ ಇನ್ನಷ್ಟು ಇದ್ದಿಲು ಕೊಟ್ಟರೆ ಆಂಟಿಮನಿ ತುಂಬಿದ ಗಟ್ಟಿ ಸೀಸ ಸಿಗುತ್ತದೆ. ಅದೇ ಈಗ ನಮ್ಮ ಬೆರಕೆಗೆ ಮೂಲ.

ಬೇರೆ ಕಡೆ ಬಳಸಿದ ಆಂಟಿಮನಿ ಹೀಗೆ ಸುಲಭವಾಗಿ ಕೈಗೆ ಬರುವುದಿಲ್ಲ. ಬೆಂಕಿ ಬೇಗ ಹತ್ತದಿರಲಿ ಅಂತ ಪ್ಲಾಸ್ಟಿಕ್ಕಿಗೆ ಬೆರೆಸಿದ್ದು ಅಲ್ಲೇ ಉಳಿದುಬಿಡುತ್ತದೆ. ಪಿಇಟಿ ಎಂಬ ಪ್ಲಾಸ್ಟಿಕ್ಕಿನ ಬಾಟಲಿಯಲ್ಲಿ ಇರುವುದು ಹತ್ತು ಲಕ್ಷಕ್ಕೆ 200ರಿಂದ 300 ಭಾಗ ಅಷ್ಟೇ. ಅದನ್ನು ಹೆಕ್ಕುವುದು ಹೇಗೆ, ಅಲ್ವಾ? 2024ರ ಸೆಪ್ಟೆಂಬರ್‌ನಲ್ಲಿ ಚೀನಾ ಆಂಟಿಮನಿಯ ರಫ್ತಿಗೆ ನಿಯಂತ್ರಣ ಹಾಕಿದ ಮೇಲಂತೂ ನಮ್ಮ ಕಿಟ್ಟವನ್ನು ಇನ್ನೂ ಜೋಪಾನವಾಗಿ ನೋಡಿಕೊಳ್ಳುತ್ತಿದ್ದೇನೆ. ಅದಕ್ಕೆಂದೇ ಮುಚ್ಚಳವಿರುವ ಡ್ರಮ್ ಇದೆ, ಮೇಲೆ ಬಣ್ಣದಲ್ಲಿ ಹೆಸರು ಬರೆದಿದೆ. ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ನಾನು ಮೊದಲು ತೋರಿಸುವುದು ಆ ಡ್ರಮ್ಮನ್ನು.