ಆನೆಗೆ ಬ್ರೇಕ್ ಹಾಕಿದ್ದಕ್ಕೂ ಅಂಕ ಕಡಿತ

ಕುಶಾಲನಗರದಿಂದ ಸುಂಟಿಕೊಪ್ಪಕ್ಕೆ ಬರುವಾಗ ಆನೆಕಾಡಿನಲ್ಲಿ, ರಾತ್ರಿ ಎಂಟರ ಹೊತ್ತಿಗೆ, ಮರಿಯೊಂದಿಗೆ ಆನೆ ಅಡ್ಡ ಬಂತು. ಬ್ರೇಕ್ ತುಳಿದು, ದೀಪ ತಗ್ಗಿಸಿ, ಅವೆರಡೂ ದಾಟುವ ತನಕ ಉಸಿರು ಬಿಗಿಹಿಡಿದು ಕುಳಿತೆ. ತೋಟದ ಮನೆಗೆ ಬಂದು ಮೊಬೈಲಿನಲ್ಲಿ ಕಾರಿನ ಆಪ್ ತೆರೆದರೆ ಆ ಜಾಗಕ್ಕೆ ಕೆಂಪು ಚುಕ್ಕೆ: ‘ತೀವ್ರ ಬ್ರೇಕ್’. ನನ್ನ ಚಾಲನೆಗೆ ಆಪ್ ಕೊಡುವ ದಿನದ ಅಂಕ 91ರಿಂದ 78ಕ್ಕೆ ಇಳಿದಿತ್ತು.

ನಗು ಬಂತು. ಮರುವಾರ ವಿಮೆ ಏಜೆಂಟರು ಫೋನ್ ಮಾಡಿ, “ಸರ್, ನೀವು ಹೇಗೆ ಓಡಿಸುತ್ತೀರಿ ಎಂಬುದನ್ನು ನೋಡಿ ಪ್ರೀಮಿಯಂ ಇಳಿಸುವ ಪಾಲಿಸಿ ಇದೆ” ಎಂದಾಗ ನಗು ನಿಂತಿತು.

ಇಂಥ ಪಾಲಿಸಿಗೆ ನಮ್ಮ ವಿಮಾ ನಿಯಂತ್ರಣ ಪ್ರಾಧಿಕಾರ 2022ರ ಜುಲೈನಲ್ಲೇ ಅನುಮತಿ ಕೊಟ್ಟಿದೆ. ತಿಳಿದು ಒಪ್ಪಿದವರದು ಅವರ ಲೆಕ್ಕ. ನನ್ನನ್ನು ಕಾಡಿದ್ದು ಅಮೆರಿಕದ ಕಥೆ. ಕಾರು ತಯಾರಿಸುವ ಜನರಲ್ ಮೋಟರ್ಸ್ ತನ್ನ ಗ್ರಾಹಕರ ವೇಗ, ಬ್ರೇಕ್, ಓಡಾಟದ ವಿವರಗಳನ್ನು ಲೆಕ್ಸಿಸ್‌ನೆಕ್ಸಿಸ್, ವೆರಿಸ್ಕ್ ಎಂಬ ದತ್ತಾಂಶ ಸಂಸ್ಥೆಗಳಿಗೆ ಕೊಡುತ್ತಿತ್ತು. ಅಲ್ಲಿಂದ ಅವು ವಿಮಾ ಕಂಪನಿಗಳ ಕೈ ಸೇರುತ್ತಿದ್ದವು. 2024ರ ಮಾರ್ಚ್‌ನಲ್ಲಿ ನ್ಯೂಯಾರ್ಕ್ ಟೈಮ್ಸ್ ಇದನ್ನು ಬಯಲಿಗೆಳೆಯಿತು. ಪ್ರೀಮಿಯಂ ಶೇ. 21 ಏರಿದ್ದೇಕೆಂದು ತಲೆ ಕೆರೆದುಕೊಂಡ ಒಬ್ಬರು ತಮ್ಮ ಕಡತ ತರಿಸಿಕೊಂಡರೆ 258 ಪುಟ! ಆರು ತಿಂಗಳ 640 ಪ್ರಯಾಣಗಳು ಅದರಲ್ಲಿದ್ದವು.

ಮೊದಲು ನಾನು ಮಾಡಿದ್ದು ತಪ್ಪು. ಆಪ್ ಅಳಿಸಿಬಿಟ್ಟರೆ ಮುಗಿಯಿತು ಎಂದುಕೊಂಡೆ. ಕಾರಿನೊಳಗೇ ಬೇರೆ ಸಿಮ್ ಇದೆ, ಮೊಬೈಲ್ ಇಲ್ಲದೆಯೂ ಅದು ಕಂಪನಿಯೊಂದಿಗೆ ಮಾತನಾಡುತ್ತದೆ. ಭಾನುವಾರ ಕಾರಿನಲ್ಲೇ ಕುಳಿತು, ಎರಡು ಲೋಟ ಕಾಫಿ ಮುಗಿಯುವಷ್ಟರಲ್ಲಿ, ಪರದೆಯ ಸೆಟ್ಟಿಂಗ್ಸ್‌ನ ನಾಲ್ಕನೆಯ ಪದರದಲ್ಲಿ ಎರಡು ಸ್ವಿಚ್ ಸಿಕ್ಕವು. ಒಂದು ಚಾಲನೆಯ ಅಂಕದ್ದು, ಇನ್ನೊಂದು ‘ಪಾಲುದಾರ ಸಂಸ್ಥೆ’ಗಳಿಗೆ ವಿವರ ಕೊಡುವುದರದ್ದು. ಕಾರು ಕೊಂಡ ದಿನ, ಕೀಲಿ ಕೈಗೆ ಬರುವ ಅವಸರದಲ್ಲಿ ನಾನೇ ‘ಒಪ್ಪಿದೆ’ ಒತ್ತಿದ್ದೆ. ಎರಡನ್ನೂ ಆಫ್ ಮಾಡಿದೆ. ಸಿಮ್ ಅನ್ನೇ ಸ್ಥಗಿತಗೊಳಿಸಬಹುದಿತ್ತು. ಆದರೆ ಅಪಘಾತವಾದರೆ ತಾನಾಗಿ ಹೋಗುವ ತುರ್ತು ಕರೆಯೂ ನಿಂತುಬಿಡುತ್ತದೆಂದು ಷೋರೂಮಿನವರು ಹೇಳಿದರು. ಮಳೆಗಾಲದ ಸಂಪಾಜೆ ಘಾಟಿಯಲ್ಲಿ ಹೆಂಡತಿ ಒಬ್ಬಳೇ ಓಡಿಸುವುದುಂಟು. ಅದನ್ನು ಮುಟ್ಟಲಿಲ್ಲ.

ಆಮೇಲೆ ಕಾರು ಕಂಪನಿಯ ದೂರು ಅಧಿಕಾರಿಗೆ ಇಮೇಲ್. ಮೂರೇ ಪ್ರಶ್ನೆ: ನನ್ನದು ಏನೇನು ಸಂಗ್ರಹಿಸಿದ್ದೀರಿ, ಯಾರಿಗೆ ಕೊಟ್ಟಿದ್ದೀರಿ, ಹಳೆಯದನ್ನು ಯಾವಾಗ ಅಳಿಸುತ್ತೀರಿ? ಮೊದಲ ಉತ್ತರ ತಮ್ಮ ನೀತಿಯ ಲಿಂಕ್ ಮಾತ್ರ. ಎರಡನೆಯ ಪತ್ರದಲ್ಲಿ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಹೆಸರೆತ್ತಿದೆ. ಹತ್ತೊಂಬತ್ತು ದಿನಗಳ ನಂತರ, ವಿಮಾ ಕಂಪನಿಗೆ ಕೊಟ್ಟಿಲ್ಲ ಎಂದು ಒಂದು ಸಾಲು ಬಂತು. ಮೂರನೆಯ ಪ್ರಶ್ನೆಗೆ ಇನ್ನೂ ಉತ್ತರವಿಲ್ಲ.

ಏಜೆಂಟರಿಗೆ ಸಾಮಾನ್ಯ ಪಾಲಿಸಿಯೇ ಸಾಕೆಂದೆ. ಮೊನ್ನೆ ಮಡಿಕೇರಿಯಲ್ಲಿ ಸರ್ವೀಸಿಗೆ ಬಿಟ್ಟು ತಂದೆ, ಸಾಫ್ಟ್‌ವೇರ್ ಹೊಸದಾಗಿತ್ತು. ಎರಡನೆಯ ಸ್ವಿಚ್ ಮತ್ತೆ ಆನ್! ಈಗ ಟಯರಿನ ಗಾಳಿ ನೋಡುವ ದಿನ ಅದನ್ನೂ ನೋಡುತ್ತೇನೆ.